ಮೂವತ್ತೊಂದು ಸುತ್ತು

ಬೆಳಿಗ್ಗೆ ಎದ್ದಾಗಿನಿಂದ ನೆರೀನಾ ಒಂದೇ ಒಂದು ಮಾತನ್ನೂ ಆಡಿರಲಿಲ್ಲ. ಆಡಿದರೆ ಎಲ್ಲಿ ದನಿ ಸವೆದುಹೋಗುತ್ತದೋ ಎಂಬ ಹೆದರಿಕೆ. ಹಸಿಮೊಟ್ಟೆಯನ್ನು ಸಕ್ಕರೆಯ ಜೊತೆ ಕಡೆದು ಕುಡಿದದ್ದಾಯಿತು, ಕುತ್ತಿಗೆಗೆ ಉಣ್ಣೆಯ ಶಾಲನ್ನು ಎರಡು ಸುತ್ತು ಸುತ್ತಿದ್ದಾಯಿತು, ನಾಲಿಗೆಯ ಕೆಳಗೆ ಜ್ಯೇಷ್ಠಮಧುವಿನ ಗುಳಿಗೆ ಕರಗುತ್ತಲೇ ಇತ್ತು. ಮನೆಯ ಕೆಳಗಿನ ಕಾಫಿ ಅಂಗಡಿಯಲ್ಲಿ ಎತ್ತೊರೆ ಎಂದಿನಂತೆ ಏನು ಕೊಡಲಿ ಎಂದು ಕೇಳಿದಾಗ ಅವಳು ಗಂಟಲ ಮೇಲೆ ಎರಡು ಬೆರಳಿಟ್ಟು ತೋರಿಸಿದಳು. ಅವನು ಹಣೆ ಚಚ್ಚಿಕೊಂಡ. “ಅಯ್ಯೋ, ಇವತ್ತೇ ಅಲ್ವಾ ಅದು! ಬೇಡ ಸಿನ್ಯೋರಾ, ಬಾಯಿ ತೆರೀಬೇಡಿ. ಏ, ಗಲಾಟೆ ನಿಲ್ಲಿಸ್ರೋ ಎಲ್ರೂ. ಇವತ್ತು ನಮ್ಮ ನೆರೀನಾ ಸಿನಿಮಾದಲ್ಲಿ ಮಾತಾಡ್ತಾರೆ.” ಕಸಾಯಿಖಾನೆಯ ಕೆಲಸಗಾರರು ಇಬ್ಬರು ಕಟ್ಟೆಗೊರಗಿ ನಿಂತಿದ್ದರು. “ಮತ್ತೆ ಇಷ್ಟು ವರ್ಷ ಏನ್ ಮಾಡ್ತಿದ್ರು?” ಎಂದ ಒಬ್ಬ. “ಇಷ್ಟು ವರ್ಷ ತುಟಿ ಇವರ್ದು, ಮಾತು ಪಕ್ಕದ ಮನೆಯವರ್ದು,” ಎಂದ ಎತ್ತೊರೆ. ಎಲ್ಲರೂ ನಕ್ಕರು. ನೆರೀನಾ ಕೂಡ ಹಲ್ಲು ಬಿಟ್ಟಳು. ಬೀದಿಗೆ ಬಂದ ಮೇಲೆ ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಕೇರಿಯಲ್ಲೆಲ್ಲ ಸಾರಿಕೊಂಡು ಬಂದವಳು ತಾನೇ: ಮಾಂಸದಂಗಡಿಯವನಿಗೆ, ಚರ್ಚಿನ ಮೆಟ್ಟಿಲ ಮೇಲಿನ ಮುದುಕಿಯರಿಗೆ, ಊರಲ್ಲಿದ್ದ ಅಣ್ಣನಿಗೆ ಕಾಗದ ಬರೆದು. ಈಗ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಟ್ರಾಮಿನಲ್ಲಿ ಎದುರು ಕೂತ ಹೆಂಗಸು ಅವಳನ್ನೇ ನೋಡುತ್ತಿದ್ದಳು. ಆ ನೋಟ ನೆರೀನಾಗೆ ಚೆನ್ನಾಗಿ ಗೊತ್ತು. ಇನ್ನೇನು ಕೇಳುತ್ತಾಳೆ ಎಂದುಕೊಳ್ಳುವಷ್ಟರಲ್ಲಿ, “ನೀವು ಓಸ್ತಿಯೆನ್ಸೆ ಪೋಸ್ಟಾಫೀಸಲ್ಲಿ ಕೆಲಸ ಮಾಡ್ತಿದ್ರಿ ಅಲ್ವಾ?” ಎಂದಳು. ಇಪ್ಪತ್ತೊಂದು ವರ್ಷ, ಎಂಬತ್ತಕ್ಕಿಂತ ಹೆಚ್ಚು ಚಿತ್ರ, ತೆರೆಯ ಮೇಲೆ ಇಪ್ಪತ್ತಮೂರು ಸಾವು; ಕಡೆಗೆ ಪೋಸ್ಟಾಫೀಸು. ನೆರೀನಾ ಹೌದೆಂದು ತಲೆಯಾಡಿಸಿದಳು, ಆ ಹೆಂಗಸಿಗೆ ಸಮಾಧಾನವಾಯಿತು. ಸಲೋನೆಯ ಕಲ್ಲುಗಣಿಯಲ್ಲಿ ರಟ್ಟಿನ ದೇವಸ್ಥಾನದ ಮುಂದೆ ಬಿಳಿ ಬಟ್ಟೆ ಉಟ್ಟು ಕೈ ಮೇಲೆತ್ತಿದ್ದ ಪೂಜಾರಿಣಿ ಅವಳೇ, ಎಣ್ಣೆ ಹಚ್ಚಿಕೊಂಡ ಪೈಲ್ವಾನನೊಬ್ಬ ಕಂಬ ಉರುಳಿಸಿದಾಗ ಅದರಡಿ ಸಿಕ್ಕಿ ಸತ್ತವಳು. ಮಾಂಜಿಯಾನಾದ ಕಾಡನ್ನು ಮೆಕ್ಸಿಕೊ ಎಂದು ತೋರಿಸಿದ ಕುದುರೆ ಚಿತ್ರಗಳಲ್ಲಿ ಸಾರಾಯಿ ಅಂಗಡಿಯ ಒಡತಿಯೂ ಅವಳೇ. ಭಿತ್ತಿಪತ್ರದಲ್ಲಿ ಮಾತ್ರ ಅವಳಿಗೆ ಅಮೆರಿಕದವಳ ಹಾಗೊಂದು ಹೆಸರು, ಹಾಗೆ ಬರೆದರೆ ಜನ ಬರುತ್ತಾರೆ ಎಂದು. ಗೂಢಚಾರರ ಚಿತ್ರದಲ್ಲಿ ಬಾಂಬಿಟ್ಟ ಸೂಟ್‌ಕೇಸನ್ನು ಎತ್ತಿಕೊಟ್ಟ ನರ್ಸು, ನಗೆಚಿತ್ರಗಳಲ್ಲಿ ಕೀಲಿಕಿಂಡಿಯಿಂದ ಇಣುಕುವ ಮನೆ ಒಡತಿ, ಈಗೀಗ ಪೊಲೀಸರ ಚಿತ್ರಗಳಲ್ಲಿ ಗುಂಡೇಟು ತಿಂದ ಹುಡುಗರ ತಾಯಿ. ನಟರ ಪಟ್ಟಿಯಲ್ಲಿ ಒಂಬತ್ತನೆಯ ಹೆಸರು, ಹನ್ನೊಂದನೆಯ ಹೆಸರು. ತಾನು ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುತ್ತಿದ್ದುದು ಬಾಡಿಗೆಮನೆ ಬದಲಿಸಿದ ಹಾಗೆ ಎಂದು ಅವಳಿಗೆ ಅನಿಸುತ್ತಿತ್ತು: ಗೋಡೆಗಳ ಬಣ್ಣ ಬೇರೆ, ಒಳಗಿನ ತಟ್ಟೆಲೋಟ ಅವೇ.

ಆ ಎಂಬತ್ತು ಚಿತ್ರಗಳಲ್ಲೂ ಅವಳು ಮಾತನಾಡಿರಲಿಲ್ಲ. ಚಿತ್ರೀಕರಣದಲ್ಲಿ ದನಿ ಹಿಡಿಯುವ ಪದ್ಧತಿಯೇ ಅಲ್ಲಿರಲಿಲ್ಲ. ಪಕ್ಕದ ಅಂಗಳದಲ್ಲಿ ಬಡಗಿಗಳು ಇನ್ನೊಂದು ಚಿತ್ರದ ಅರಮನೆಗೆ ಮೊಳೆ ಹೊಡೆಯುತ್ತಿರುತ್ತಿದ್ದರು, ನಾಯಕ ಜರ್ಮನ್ ಮಾತಾಡುತ್ತಿದ್ದ, ನಾಯಕಿ ಫ್ರೆಂಚ್, ಕುದುರೆ ನೋಡಿಕೊಳ್ಳುವವನು ಎಲ್ಲರನ್ನೂ ಬಯ್ಯುತ್ತಿದ್ದ. ಬರೆದ ಮಾತು ಅಂದು ಬೆಳಿಗ್ಗೆ ತಲುಪಿದರೆ ತಲುಪಿತು, ಇಲ್ಲದಿದ್ದರೆ ಇಲ್ಲ. ಮೊದಲ ಚಿತ್ರದಲ್ಲೇ ನಿರ್ದೇಶಕ ತುತ್ತೂರಿಯಂಥ ಸಾಧನ ಬಾಯಿಗಿಟ್ಟು ಕೂಗಿದ್ದ: “ಮಾತು ಮರೆತ್ರೆ ಒಂದು ಎರಡು ಎಣಿಸಮ್ಮಾ! ಮುಖದಲ್ಲಿ ದುಃಖ ಇರ್ಲಿ, ಬಾಯಿ ಆಡ್ತಿರ್ಲಿ!” ಅಂದಿನಿಂದ ಅವಳು ಎಣಿಸಿದಳು. ಹನ್ನೆರಡು ಹದಿಮೂರು ಎಂದು ಮುತ್ತಿಟ್ಟಳು, ನಲವತ್ತು ನಲವತ್ತೊಂದು ಎಂದು ಶಾಪ ಹಾಕಿದಳು. ಆಮೇಲೆ ಊರಿನ ಇನ್ನೊಂದು ಮೂಲೆಯ ಕತ್ತಲೆ ಕೋಣೆಯಲ್ಲಿ ಇರ್ಮಾ ಗಾಲ್ಲೆರಾನಿ ಎಂಬಾಕೆ ಅವಳ ತುಟಿಗಳ ಮೇಲೆ ಮಾತು ಕೂರಿಸುತ್ತಿದ್ದಳು. ನಡುವಿನ ಒಂದಷ್ಟು ತಿಂಗಳು ಬಿಟ್ಟರೆ ಹದಿನೆಂಟು ವರ್ಷದಿಂದ ಅದೇ ಇರ್ಮಾ. ಅವ್ವ ಬದುಕಿದ್ದಾಗ ಒಮ್ಮೆ ಸೊನ್ನಿನೊ ಬೆಟ್ಟದಿಂದ ಇಳಿದು ಬಂದು, ಲಾತೀನಾದ ಟಾಕೀಸಿನಲ್ಲಿ ಮಗಳ ಚಿತ್ರ ನೋಡಿ ಹೊರಗೆ ಬಂದು ಕೇಳಿದ್ದಳು: “ನಿನ್ನೊಳಗೆ ಇದ್ದಳಲ್ಲ, ಅವಳು ಯಾರೇ?”

ಡಬ್ಬಿಂಗ್ ಸ್ಟುಡಿಯೊ ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಓಣಿಯಂಥ ಪಡಸಾಲೆಯ ಕುರ್ಚಿಯಲ್ಲಿ ಯಾರು ಕೂತಿದ್ದಾರೆಂದು ಅವಳಿಗೆ ತಿಳಿಯಿತು. ಗಿಡ್ಡ ಹೆಂಗಸು, ಅರವತ್ತು ದಾಟಿತ್ತು, ಕೂದಲಿಗೆ ಗೋರಂಟಿಯ ಕೆಂಪು, ಊದಿದ ಕಾಲಿನಿಂದ ಬೂಟು ಕಳಚಿ ಪಕ್ಕದಲ್ಲಿಟ್ಟಿದ್ದಳು. ಕಾಗದದ ಪೊಟ್ಟಣ ಬಿಚ್ಚಿ ಉಪ್ಪುಮೀನು ಇಟ್ಟ ಬ್ರೆಡ್ಡು ತಿನ್ನುತ್ತಿದ್ದಳು. ಉಪ್ಪುಮೀನು ಗಂಟಲು ತೊಳೆಯುತ್ತದೆ ಎಂಬುದು ಆ ಕಸುಬಿನವರ ನಂಬಿಕೆ. ಇರ್ಮಾ. ಇವತ್ತು ಅವಳನ್ನು ಕರೆಸಿದ್ದು ಒಂದು ವೇಳೆಗೆ ಇರಲಿ ಎಂದು: ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಹಾರಿಸುವ ಜಾನಿಕೊಲೊ ಗುಡ್ಡದ ತೋಪು ಹಾರುವುದರೊಳಗೆ ನೆರೀನಾಳ ಕೈಲಾಗದಿದ್ದರೆ, ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಮುಗಿಸಿಕೊಡುವುದಕ್ಕೆ. ಇರ್ಮಾ ಮುಖವೆತ್ತಿ ನಕ್ಕಳು. ನೆರೀನಾ ಗಂಟಲ ಮೇಲೆ ಬೆರಳಿಟ್ಟು ತೋರಿಸಿ, ತಲೆ ಬಾಗಿಸಿ, ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿಬಿಟ್ಟಳು. ಹದಿನೆಂಟು ವರ್ಷದಲ್ಲಿ ಈ ಹೆಂಗಸನ್ನು ಅವಳು ಕಂಡದ್ದು ಮೂರೋ ನಾಲ್ಕೋ ಸಲ, ಕಂಡಾಗಲೆಲ್ಲ ಹೀಗೇ ತಲೆ ಬಾಗಿಸಿ ತಪ್ಪಿಸಿಕೊಂಡಿದ್ದಳು. ಒಂದು ಸಲ ಯಾರದೋ ಶವಸಂಸ್ಕಾರದಲ್ಲಿ ಕಂಬದ ಹಿಂದೆ ನಿಂತು ಇಡೀ ಪ್ರಾರ್ಥನೆ ಮುಗಿಸಿದ್ದಳು. ಕಾರಣ ಅವಳೊಬ್ಬಳಿಗೇ ಗೊತ್ತಿತ್ತು. ಹಾಗೆಂದು ಅವಳು ತಿಳಿದಿದ್ದಳು.

ಅದು ಅರವತ್ತನೇ ಇಸವಿ. ವಿತ್ತೋರಿಯೊ ಚೌಕದ ಹತ್ತಿರದ ಟಾಕೀಸಿನಲ್ಲಿ ಅವಳು ಜನರ ನಡುವೆ ಕೂತು ತನ್ನದೇ ಚಿತ್ರ ನೋಡುತ್ತಿದ್ದಳು. ಪೂಜಾರಿಣಿ ಶಾಪ ಕೊಡುವ ದೃಶ್ಯ. ಆ ದನಿ ಬಂದಾಗ ಹಿಂದಿನ ಸಾಲಿನ ಗಂಡಸೊಬ್ಬ ಉಸಿರು ಬಿಗಿಹಿಡಿದದ್ದು ಅವಳಿಗೆ ಕೇಳಿಸಿತು. ಮೈ ಜುಮ್ಮೆಂದಿತು. ಆಗ ಅವನು ಪಕ್ಕದವನಿಗೆ, “ಎಂಥಾ ದನಿ ಗುರೂ! ಆ ಮುಖ ಒಂದು ಅಡ್ಡ ಬಾರದೇ ಇದ್ದಿದ್ರೆ,” ಎಂದ. ಮರುದಿನ ಊಟದ ಹೊತ್ತು, ಚಿತ್ರೀಕರಣದಲ್ಲಿ ಎಲ್ಲರಿಗೂ ಹಂಚುವ ಊಟದ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಬ್ರೆಡ್ಡು ಅಗಿಯುತ್ತಲೇ ಅವಳು ಮ್ಯಾನೇಜರನಿಗೆ ಹೇಳಿದ್ದಳು: “ಆ ಗಾಲ್ಲೆರಾನಿ ಕುಡೀತಾಳಂತೆ, ಹೌದಾ? ಬೆಳಿಗ್ಗೆ ಹೊತ್ತು ನಾಲಿಗೆ ತೊದಲುತ್ತಂತೆ.” ಅಷ್ಟೇ. ಅಗಿದು ನುಂಗಿದ್ದಾಯಿತು. ಆ ಲೋಕದಲ್ಲಿ ಅಷ್ಟು ಸಾಕು, ಸಾಕ್ಷಿ ಯಾರೂ ಕೇಳುವುದಿಲ್ಲ. ಹದಿನಾಲ್ಕು ತಿಂಗಳು ಇರ್ಮಾಳನ್ನು ಯಾರೂ ಕರೆಯಲಿಲ್ಲ. ಅವಳ ಗಂಡ ಆಗ ಎದೆರೋಗದ ಆಸ್ಪತ್ರೆಯಲ್ಲಿದ್ದ, ಅವಳು ಪ್ರೆನೆಸ್ತೀನಾ ಕಡೆಯ ಕಟ್ಟಡವೊಂದರಲ್ಲಿ ಮೆಟ್ಟಿಲು ಒರೆಸುತ್ತಿದ್ದಳು ಎಂಬುದನ್ನು ಮೇಕಪ್ಪಿನವಳು ಆಮೇಲೆ ಬಾಚಣಿಗೆ ಎಳೆಯುತ್ತ ಹೇಳಿದಳು. ಕನ್ನಡಿಯಲ್ಲಿ ತನ್ನ ಮುಖದ ಬಣ್ಣ ಇಳಿದದ್ದನ್ನು ನೆರೀನಾ ನೋಡಿದಳು. ಮೇಕಪ್ಪಿನವಳು ಅದರ ಮೇಲೆ ಇನ್ನಷ್ಟು ಕೆಂಪು ಹಚ್ಚಿದಳು.

“ಬಾ ಬಾ, ರಾಣಿಯಮ್ಮ,” ಎಂದ ಡಬ್ಬಿಂಗ್ ನಿರ್ದೇಶಕ ಪಿತ್ಸೂತಿ. ಬೋಳುತಲೆ, ತೋಳಿನ ಮೇಲೆ ಸದಾ ಸಿಗರೇಟಿನ ಬೂದಿ. “ಆ ಹುಡುಗ ಫುಲ್ಕೊಗೆ ಹಟ. ತಾಯಿ ದನಿ ತಾಯಿದೇ ಆಗ್ಬೇಕಂತೆ. ಅವನಿಗೇನು, ಹೊಸ ನಿರ್ದೇಶಕ. ನನಗೆ ಮಧ್ಯಾಹ್ನದೊಳಗೆ ಮುಗೀಬೇಕು, ಆಯ್ತಾ?” ಫುಲ್ಕೊ ಅವಳ ದನಿ ಕೇಳಿದ್ದು ಕೂಡ ಊಟದ ಬುಟ್ಟಿಯಿಂದಲೇ. ಯಾರೋ ಅವಳ ಬುಟ್ಟಿಯ ಕೋಳಿಕಾಲು ಎಗರಿಸಿದ್ದರು. ‘ಯಾವನೋ ಅದು ನನ್ನ ಕಾಲು ತಿಂದೋನು’ ಎಂದು ಅವಳು ಇಡೀ ಅಂಗಳಕ್ಕೆ ಕೇಳುವಂತೆ ಕಿರುಚಿದಾಗ ಆ ಹುಡುಗ ತಟ್ಟನೆ ತಿರುಗಿ, “ಈ ದನಿ! ಸಿನ್ಯೋರಾ, ಈ ದನಿ ನನಗೆ ಬೇಕು!” ಎಂದಿದ್ದ. ನಲವತ್ತೇಳರ ವಯಸ್ಸಿನಲ್ಲಿ ಅವಳ ಕಿವಿ ಬಿಸಿಯಾಗಿತ್ತು. ದೃಶ್ಯ ಚಿಕ್ಕದು: ಶವಾಗಾರದಲ್ಲಿ ತಾಯಿ ಮಗನ ಗುರುತು ಹಿಡಿಯಬೇಕು. ಮಾತು ನಾಲ್ಕೇ ಸಾಲು. ಅದನ್ನು ಅವಳು ಒಂದು ವಾರ ಬಾಯಿಪಾಠ ಮಾಡಿದ್ದಳು. ಆದರೆ ಕ್ಯಾಮರಾ ತಿರುಗಿದ ಕ್ಷಣ, ಬಿಳಿ ಬಟ್ಟೆಯ ಅಂಚಿನಲ್ಲಿ ಮಗನ ಮುಖವೂ ಅಂಗಿಯ ಕೊರಳೂ ಕಂಡ ಕ್ಷಣ, ಅವಳ ಬಾಯಿ ತನ್ನಷ್ಟಕ್ಕೆ ತಾನೇ ಎಣಿಸತೊಡಗಿತು. ಇಪ್ಪತ್ತೊಂದು ವರ್ಷದ ಚಾಳಿ. ದೃಶ್ಯ ಚೆನ್ನಾಗಿ ಬಂತು ಎಂದು ಫುಲ್ಕೊ ಅವಳ ಕೈಗೆ ಮುತ್ತಿಟ್ಟ. ತಾನು ಎಣಿಸಿದೆ ಎಂದು ಅವಳು ಯಾರಿಗೂ ಹೇಳಲಿಲ್ಲ.

ದೀಪ ಆರಿತು. ಮೇಲಿನ ಕಿಂಡಿಯಲ್ಲಿ ಗಾಸ್ತೋನೆ ಎಂಬವನು ಯಂತ್ರಕ್ಕೆ ಉಂಗುರ ಹಾಕಿದ. ಅರ್ಧ ನಿಮಿಷದ ರೀಲನ್ನು ಕತ್ತರಿಸಿ, ಎರಡು ತುದಿ ಅಂಟಿಸಿ ಬಳೆಯ ಹಾಗೆ ಮಾಡಿದ್ದಕ್ಕೆ ಅಲ್ಲಿ ಉಂಗುರ ಎನ್ನುತ್ತಿದ್ದರು. ನಿಲ್ಲಿಸುವವರೆಗೆ ಅದು ಸುತ್ತುತ್ತಲೇ ಇರುತ್ತದೆ, ಮುಗಿದ ಕಡೆ ಮತ್ತೆ ಶುರುವಾಗುತ್ತದೆ. ಪರದೆಯ ಮೇಲೆ ಅವಳ ಮುಖ ಬಂತು, ಗೋಡೆಯಷ್ಟು ದೊಡ್ಡದು, ಸದ್ದಿಲ್ಲದೆ. ತುಟಿ ಆಡಿತು. ಬಟ್ಟೆ ಸರಿಯಿತು. ಮತ್ತೆ ಬಂತು. ನೆರೀನಾ ಮೈಕಿನ ಮುಂದೆ ನಿಂತು ಹೇಳಿದಳು: “ಹೌದು. ನನ್ನ ಮಗನೇ. ಈ ಅಂಗಿ ಬೆಳಿಗ್ಗೆ ನಾನೇ ಇಸ್ತ್ರಿ ಮಾಡಿ ಕೊಟ್ಟಿದ್ದು. ಚಳಿ ಆಗ್ತಿರಬೇಕು ಅವನಿಗೆ.” ತುಟಿ ಮುಗಿದ ಮೇಲೂ ಮಾತು ಉಳಿದಿತ್ತು. ಮತ್ತೆ. ಈ ಸಲ ಮಾತು ಮೊದಲೇ ಮುಗಿದು ತುಟಿ ಒಂದೇ ಆಡಿತು. “ಪರವಾಗಿಲ್ಲ, ಮತ್ತೆ,” ಎಂದ ಪಿತ್ಸೂತಿ. ಹತ್ತನೆಯ ಸಲಕ್ಕೆ ಹೇಗೋ ಕೂತಿತು. ಅವನು ಸಿಗರೇಟು ಆರಿಸಿದ. “ನೆರೀನಾ, ಬೇಜಾರು ಮಾಡ್ಕೋಬೇಡ. ನೀನು ಇರ್ಮಾ ಥರ ಮಾತಾಡ್ತಿದೀಯ.”

“ನಾನಾ?”

“ನೀನೇ. ಅವಳ ಎಳೆತ, ಅವಳ ಉಸಿರು. ಇರ್ಮಾಳೇ ಬೇಕಿದ್ರೆ ಅವಳು ಹೊರಗೇ ಕೂತಿದಾಳಲ್ಲಮ್ಮ. ನೀನು ನಿನ್ನ ಹಾಗೆ ಮಾತಾಡು.”

ನಿನ್ನ ಹಾಗೆ ಎಂದರೆ ಹೇಗೆ? ನೆರೀನಾ ನಿಜವಾಗಿ ಯೋಚಿಸಿದಳು. ದುಃಖದ ಮಾತು ಎಂದಾಗ ಅವಳ ಕಿವಿಗೆ ಬರುತ್ತಿದ್ದುದು ಇರ್ಮಾಳ ದನಿಯೊಂದೇ. ಅವ್ವ ಸತ್ತಾಗ, ಊರಿನ ಹೊಸಿಲಲ್ಲಿ ಕೂತು ಅತ್ತಾಗ ಕೂಡ, ಆ ಅಳುವಿನಲ್ಲಿ ಎಲ್ಲೋ ಒಂದು ಕಡೆ ಇರ್ಮಾಳ ಎಳೆತ ಇತ್ತೇ ಎಂಬ ಅನುಮಾನ ಈಗ ಬಂತು, ಬಂದು ಅವಳನ್ನು ನಾಚಿಸಿತು. ಕೋಳಿಕಾಲಿಗೆ ಬಯ್ದ ದನಿಯನ್ನು ತಂದು ನೋಡಿದಳು. ಶವಾಗಾರದಲ್ಲಿ ಸಂತೆ ಕೂಗಿದ ಹಾಗಾಯಿತು. ಪಿತ್ಸೂತಿ ಕೆಮ್ಮಿದ. ಉಂಗುರ ಸುತ್ತುತ್ತಿತ್ತು. ಮಗನ ಮೇಲಿನ ಬಟ್ಟೆಯನ್ನು ಅವಳು ಸರಿಸಿದಳು, ಸರಿಸಿದಳು, ಸರಿಸಿದಳು. ಹದಿನೇಳನೆಯ ಸಲಕ್ಕೆ ದನಿ ಒಡೆದು ಗಾಳಿ ಮಾತ್ರ ಉಳಿಯಿತು. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. “ಹತ್ತು ನಿಮಿಷ ಬಿಡುವು,” ಎಂದು ಪಿತ್ಸೂತಿ ಎದ್ದ. ಬಾಗಿಲು ತೆರೆದು ಹೊರಗೆ ತಲೆ ಹಾಕಿ ತಗ್ಗಿದ ದನಿಯಲ್ಲಿ ಅವನು ಹೇಳಿದ್ದು ಅವಳಿಗೆ ಕೇಳಿಸಿತು: “ಇರ್ಮಾ, ಬೂಟು ಹಾಕ್ಕೋ. ನಿನಗೇ ಬರೋ ಹಾಗಿದೆ.”

ಇರ್ಮಾ ಬೂಟು ಹಾಕಿಕೊಳ್ಳದೆ, ಬರಿಯ ಕಾಲುಚೀಲದಲ್ಲಿ, ಉಪ್ಪುಮೀನಿನ ವಾಸನೆಯೊಂದಿಗೆ ಒಳಗೆ ಬಂದಳು. ನೆರೀನಾ ಜಾಗ ಬಿಟ್ಟುಕೊಟ್ಟು ಸಾಮಾನು ಎತ್ತಿಕೊಳ್ಳುವುದಕ್ಕೆ ಬಾಗಿದಳು. ಎತ್ತೊರೆಗೆ ಏನು ಹೇಳುವುದು, ಅಣ್ಣನಿಗೆ ಏನು ಬರೆಯುವುದು ಎಂಬ ಯೋಚನೆ ಒಂದರ ಹಿಂದೆ ಒಂದು ಬಂತು. “ನಿಂತ್ಕೊಳೇ, ಎಲ್ಲಿಗೆ ಹೊರಟೆ?” ಎಂದಳು ಇರ್ಮಾ. “ಮಾತಾಡ್ಬೇಡ, ಇರೋ ಗಂಟಲು ಉಳಿಸ್ಕೋ. ಗಾಸ್ತೋನೆ! ನೀನೂ ಕಾಫಿಗೆ ಹೋಗೋದಾದ್ರೆ ಹೋಗು, ಉಂಗುರ ಓಡ್ತಿರ್ಲಿ.” ಅವಳು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತು ಪರದೆ ನೋಡಿದಳು. ಎರಡು ಸುತ್ತು ನೋಡಿದಳು. ಮೂರನೆಯ ಸುತ್ತಿಗೆ ಅವಳ ಬಾಯಿ ಪರದೆಯ ತುಟಿಗಳ ಜೊತೆಗೇ ಆಡತೊಡಗಿತು. “ಇಪ್ಪತ್ತಾರು. ಇಪ್ಪತ್ತೇಳು. ಇಪ್ಪತ್ತೆಂಟು... ಇಲ್ಲಿ ಬಟ್ಟೆ ಸರಿಸ್ತೀಯ, ಮತ್ತೆ ಇಪ್ಪತ್ತೆಂಟೇ. ಮರೆತುಬಿಟ್ಟೆ ನೋಡು ಎಲ್ಲಿದ್ದೆ ಅಂತ. ಎಷ್ಟು ಚೆನ್ನಾಗಿ ಮರೆತಿದೀಯೇ!”

ನೆರೀನಾ ಶಾಲು ಹಿಡಿದುಕೊಂಡು ನಿಂತೇ ಇದ್ದಳು. “ಏನು ಹಾಗೆ ನೋಡ್ತೀಯ? ಹದಿನೆಂಟು ವರ್ಷ ನಿನ್ನ ಬಾಯೊಂದನ್ನೇ ನೋಡ್ತಾ ಕೂತವಳು ನಾನು,” ಎಂದಳು ಇರ್ಮಾ. “ನಿನ್ನ ಗಂಡಸರು ಯಾರಾದ್ರೂ ಅಷ್ಟು ನೋಡಿದಾರಾ? ತುಟಿ ಓದಕ್ಕೆ ಬರದೇ ಇದ್ರೆ ಈ ಕೆಲಸ ಹೇಗೆ ಮಾಡೋದು, ಎಲ್ಲಿ ಮುಚ್ಚುತ್ತೆ ಎಲ್ಲಿ ತೆರೆಯುತ್ತೆ ಅಂತ? ನೀನು ಎಲ್ಲ ಸಲ ಎಣಿಸೋದೂ ಇಲ್ಲ ಕಣೇ. ಆ ಕುದುರೆ ಸಿನಿಮಾದಲ್ಲಿ ಗುಂಡೇಟು ಬಿದ್ದು ಮಣ್ಣಲ್ಲಿ ಹೊರಳಾಡ್ತಾ ಏನಂದೆ? ‘ಬೂಟೊಳಗೆ ಇರುವೆ ಹೊಕ್ಕಿದೆ, ಬೇಗ ಸಾಯ್ಸಿ ಮುಗಿಸ್ರಪ್ಪಾ.’ ಅದರ ಮೇಲೆ ನಾನು ‘ನನ್ನ ಮಕ್ಕಳನ್ನ ನೋಡ್ಕೊಳ್ಳಿ’ ಅಂತ ಕೂರಿಸ್ಬೇಕಾಗಿತ್ತು, ನಗು ತಡೆಯಕ್ಕಾಗದೆ ಪಿತ್ಸೂತಿ ಕೈಲಿ ಬೈಸ್ಕೊಂಡೆ. ಆ ಗೂಢಚಾರನ ಜೊತೆ ನಿಂತ್ಕೊಂಡು ಪ್ರೇಮದಿಂದ ನೋಡ್ತಾ, ಆಡಿನ ಕರುಳಿನ ಸಾರಿಗೆ ಎಷ್ಟು ಟೊಮೇಟೊ ಅಂತ ಪೂರ್ತಿ ಹೇಳಿದೀಯ. ನಾನು ಮನೇಲಿ ಮಾಡಿ ನೋಡಿದೆ. ಉಪ್ಪು ಒಂದು ಹೇಳಿರ್ಲಿಲ್ಲ ನೀನು.”

ನೆರೀನಾಗೆ ನಗು ಬಂತು, ಸದ್ದಿಲ್ಲದೆ ಭುಜ ಕುಲುಕಿತು. ಯಾರೂ ಕೇಳುವುದಿಲ್ಲ ಎಂದು ಅವಳು ಎಸೆದ ಮಾತನ್ನೆಲ್ಲ ಒಬ್ಬಳು ಕತ್ತಲಲ್ಲಿ ಕೂತು ಆಯ್ದುಕೊಂಡಿದ್ದಳು. ಇಷ್ಟು ದಿನ ತನ್ನನ್ನು ಹೀಗೆ ಯಾರೂ ನೋಡಿಲ್ಲ ಎಂದು ಅವಳು ಕೊರಗಿದ್ದಳಲ್ಲ, ಈ ಹೆಂಗಸು ನೋಡಿದ್ದಳು, ಉಪ್ಪಿನವರೆಗೂ. ಬೆರಗಿನಿಂದ ಅವಳಿಗೆ ಎದೆ ತುಂಬಿಬಂತು. ಆಮೇಲೆ, ನಗುತ್ತಿದ್ದ ಹಾಗೇ, ಅವಳಿಗೆ ಇನ್ನೊಂದು ಚಿತ್ರ ನೆನಪಾಯಿತು. ಬ್ರಾಚ್ಚಾನೊ ಸರೋವರದ ಹತ್ತಿರದ ಕೋಟೆ. ಅರವತ್ತೆರಡನೇ ಇಸವಿ. ದೆವ್ವದ ಚಿತ್ರ, ಕಪ್ಪು ಬಿಳುಪು. ಅವಳು ಸತ್ತ ಒಡತಿಯ ತಂಗಿ, ಕನ್ನಡಿಯ ಮುಂದೆ ಕೂತು ತಪ್ಪೊಪ್ಪಿಕೊಳ್ಳಬೇಕು, ಆದರೆ ಆ ಹಾಳೆ ಇನ್ನೂ ಬರೆದಾಗಿರಲಿಲ್ಲ. “ಏನಾದ್ರೂ ಹೇಳು, ಆಮೇಲೆ ಬರೀತೀವಿ,” ಎಂದಿದ್ದರು. ಕ್ಯಾಮರಾ ಮುಖಕ್ಕೆ ಅಂಟಿಕೊಂಡ ಹಾಗಿತ್ತು. ಇರ್ಮಾ ಮೆಟ್ಟಿಲು ಒರೆಸಿದ ವಿಷಯ ಗೊತ್ತಾಗಿ ಒಂದು ವಾರವೂ ಆಗಿರಲಿಲ್ಲ. ಒಂದು ಎರಡು ಎಂದು ಶುರುಮಾಡಿದವಳು ಅಲ್ಲೇ ನಿಂತಳು, ಮತ್ತೆ ಎಣಿಸಲಿಲ್ಲ. ‘ಇರ್ಮಾ, ನೀನು ಕುಡಿಯಲ್ಲ. ಕುಡೀತಾಳೆ ಅಂತ ಹೇಳಿದ್ದು ನಾನು. ಹೊಟ್ಟೆಕಿಚ್ಚಿಗೆ ಹೇಳ್ದೆ. ನಿನ್ನ ಅನ್ನ ತೆಗೆದೆ. ತಪ್ಪಾಯ್ತು ಇರ್ಮಾ, ತಪ್ಪಾಯ್ತು.’ ಹೇಳಿ ಮುಗಿಸಿದಾಗ ಕ್ಯಾಮರಾದವನು ಕಣ್ಣೊರೆಸಿಕೊಂಡಿದ್ದ. ಅವಳಿಗೆ ಹಗುರವಾಗಿತ್ತು. ಪಾದ್ರಿಯ ಕಿವಿಗೂ ಬೀಳದೆ ಪಾಪ ಕಳೆಯಿತೆಂದು ಅಂದು ಸಂಜೆ ಹೊಟ್ಟೆ ತುಂಬ ಊಟ ಮಾಡಿದ್ದಳು. ಎಂಥ ದಡ್ಡಿ! ಹೇಳಿದ್ದನ್ನು ಯಾರೂ ಕೇಳುವುದಿಲ್ಲ, ನಿಜ. ಆದರೆ ಆ ಮುಖವನ್ನು ಡಬ್ಬಿಗೆ ತುಂಬಿ ನೇರವಾಗಿ ಒಬ್ಬಳ ಹತ್ತಿರವೇ ಕಳಿಸುತ್ತಾರೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಅದು ಹೊಳೆದಿರಲಿಲ್ಲ.

ನಗು ನಿಂತದ್ದನ್ನು ಇರ್ಮಾ ನೋಡಿದಳು. ಪರದೆಯ ಬೆಳಕು ಅವಳ ಮುಖದ ಮೇಲೆ ಬಂದು ಹೋಗುತ್ತಿತ್ತು. “ಹ್ಞೂಂ,” ಎಂದಳು. “ಕನ್ನಡಿ ಸಿನಿಮಾನೂ.”

ನೆರೀನಾ ಕೂತುಬಿಟ್ಟಳು.

“ನನ್ನ ವಾಪಸು ಕರೆದ ಮೇಲೆ ಮೊದಲ್ನೇ ಕೆಲಸ ಅದು. ಯಾವನು ನನ್ನ ಮೇಲೆ ಹಾಗೆ ಹಬ್ಬಿಸಿದ ಅಂತ ಯೋಚಿಸಿ ಯೋಚಿಸಿ ತಲೆ ಕೆಟ್ಟಿತ್ತು. ಪಿತ್ಸೂತಿ ಮೇಲೂ ಅನುಮಾನ ಪಟ್ಟಿದ್ದೆ, ಪಾಪ. ಉಂಗುರ ಹಾಕಿದ್ರು. ನೋಡ್ತೀನಿ, ನನ್ನ ಹೆಸರು ಹೇಳ್ತಿದೀಯ. ಮೊದಲ್ನೇ ಸುತ್ತಿಗೆ ನಂಬ್ಲಿಲ್ಲ. ಎರಡನೇದಕ್ಕೆ ಓದಿದೆ. ಮೂರನೇದಕ್ಕೆ ಎದ್ದು ಹೋಗ್ಬೇಕು ಅನ್ನಿಸ್ತು, ಆದ್ರೆ ಹದಿನಾಲ್ಕು ತಿಂಗಳಾದ ಮೇಲೆ ಸಿಕ್ಕ ಕೆಲಸ, ಎಲ್ಲಿಗೆ ಹೋಗ್ಲಿ? ನಿಂತೆ. ಬಯ್ದೆ ನಿನ್ನ, ಮನಸ್ಸಲ್ಲೇ, ಬಾಯಿಗೆ ಬಂದ ಹಾಗೆ ಬಯ್ದೆ. ನಿನ್ನವ್ವನನ್ನೂ ಬಿಡ್ಲಿಲ್ಲ. ನೀನು ಬಯ್ಸ್ಕೊಂಡೆ, ತಪ್ಪಾಯ್ತು ಅಂದೆ. ಮತ್ತೆ ಉಂಗುರ ತಿರುಗ್ತು. ಮತ್ತೆ ತಪ್ಪಾಯ್ತು ಅಂದೆ.” ಇರ್ಮಾ ಊದಿದ ಕಾಲನ್ನು ಕೈಯಿಂದ ಎತ್ತಿ ಇನ್ನೊಂದು ಕುರ್ಚಿಯ ಮೇಲಿಟ್ಟುಕೊಂಡಳು. “ಅವತ್ತು ಅದು ಮೂವತ್ತೊಂದು ಸುತ್ತು ಓಡ್ತು. ಮೂವತ್ತೊಂದು ಸಲ, ಅದೇ ಕಣ್ಣೀರು, ಅದೇ ಮುಖ, ಎದುರಿಗೇ. ಹತ್ತನೇದಕ್ಕೆ ಬಯ್ಯೋದು ಖಾಲಿಯಾಯ್ತು. ಇಪ್ಪತ್ತನೇದಕ್ಕೆ ಸಾಕು ಬಿಡೇ ಅಂತ ಅನ್ನಿಸ್ತು. ನೀನು ಬಿಡ್ಲಿಲ್ಲವಲ್ಲ. ಯಾರು ತಾನೆ ಅಷ್ಟು ಸಲ ಕ್ಷಮೆ ಕೇಳ್ತಾರೆ? ನನ್ನ ಗಂಡ ಇಡೀ ಜೀವಮಾನದಲ್ಲಿ ಎರಡು ಸಲ ಕೇಳಿದ. ಮೂವತ್ತೊಂದನೇದಕ್ಕೆ ನಾನು ಬಾಯಿ ಬಿಟ್ಟೆ.”

ಆ ದನಿ ನೆರೀನಾಗೆ ನೆನಪಿತ್ತು. ಯಾರಿಗೆ ನೆನಪಿರಲಿಲ್ಲ? ಚಿತ್ರ ಓಡಲಿಲ್ಲ, ಆದರೆ ಕನ್ನಡಿಯ ಮುಂದಿನ ಆ ಒಂದು ನಿಮಿಷಕ್ಕೆಂದು ಜನ ಎರಡನೆಯ ಸಲ ಬರುತ್ತಿದ್ದರು. ಟಾಕೀಸಿನ ಕತ್ತಲಲ್ಲಿ ಐಸ್‌ಕ್ರೀಮು ಮಾರುವವನು ನಡುದಾರಿಯಲ್ಲೇ ನಿಂತುಬಿಟ್ಟಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಬಾವಿಗೆ ತಳ್ಳಿದ ಅಕ್ಕನ ವಿಷಯದ ಏನೋ ಸಾಧಾರಣ ಮಾತು ಅದು. ಅದರೊಳಗೆ ಇಂಥ ಕನಿಕರ ಎಲ್ಲಿಂದ ಬಂತೆಂದು, ತನ್ನ ಪಾಪಿ ಮುಖಕ್ಕೆ ಯಾರು ಇಷ್ಟು ಮರುಗಿದರೆಂದು ಅವಳಿಗೆ ಅಂದು ಅರ್ಥವಾಗಿರಲಿಲ್ಲ. ತನ್ನ ಜೀವನದಲ್ಲಿ ಒಳ್ಳೆಯದೆಂದು ಹೇಳಿಕೊಳ್ಳಲು ಇದ್ದದ್ದು ಆ ಒಂದು ನಿಮಿಷ. ಅದನ್ನು ಕೊಟ್ಟವಳು ಎಲ್ಲವನ್ನೂ ಓದಿ, ಮೂವತ್ತೊಂದು ಸಲ ಓದಿ, ಆಮೇಲೆ ಕೊಟ್ಟಿದ್ದಳು. ಕೊಟ್ಟು ಹನ್ನೊಂದು ವರ್ಷ ಸುಮ್ಮನಿದ್ದಳು, ಕಂಬದ ಹಿಂದೆ ಅಡಗಿದವಳನ್ನು ನೋಡಿಯೂ ನೋಡದ ಹಾಗೆ ಪ್ರಾರ್ಥನೆ ಮುಗಿಸಿ ಹೋಗಿದ್ದಳು. ನೆರೀನಾಗೆ ಅಳು ಬರಲಿಲ್ಲ. ಚಿಕ್ಕಂದಿನಲ್ಲಿ ಊರಿನ ಚರ್ಚಿನೊಳಗೆ ಮೊದಲ ಸಲ ತಲೆಯೆತ್ತಿ ಮೇಲಿನ ಗುಮ್ಮಟ ನೋಡಿದಾಗ ಆದ ಹಾಗೆ, ಬಾಯಿ ತೆರೆದುಕೊಂಡಿತು, ಅಷ್ಟೇ. ಇಷ್ಟು ಎತ್ತರ ತನ್ನ ಇಷ್ಟು ಹತ್ತಿರ ಇತ್ತು. ಅದು ಉಪ್ಪುಮೀನು ತಿನ್ನುತ್ತಿತ್ತು, ಅದಕ್ಕೆ ಕಾಲು ಊದಿತ್ತು.

ಏನಾದರೂ ಹೇಳಬೇಕೆಂದು ಅವಳು ಉಸಿರೆಳೆದುಕೊಂಡಾಗ ಇರ್ಮಾ ಕೈಯೆತ್ತಿ ತಡೆದಳು. “ನನಗೆ ಹೇಳ್ಬೇಡ, ನನಗೆ ಹೇಳಿ ಆಗಿದೆ. ಮೈಕಿಗೆ ಹೇಳು. ಕೇಳಿಲ್ಲಿ. ಇಪ್ಪತ್ತಾರರ ಮೇಲೆ ‘ಹೌದು’ ಕೂರ್ಸು. ಇಪ್ಪತ್ತೇಳಕ್ಕೆ ‘ನನ್ನ ಮಗನೇ’. ಮೊದಲ್ನೇ ಇಪ್ಪತ್ತೆಂಟಕ್ಕೆ ಅಂಗಿ, ಇಸ್ತ್ರಿ ಎಲ್ಲ ಓಡಿಸ್ಬಿಡು. ಬಟ್ಟೆ ಸರಿಸೋವಾಗ ಸುಮ್ನಿರು, ಉಸಿರೂ ಬಿಡ್ಬೇಡ. ಎರಡನೇ ಇಪ್ಪತ್ತೆಂಟಕ್ಕೆ ಚಳಿ. ಅಷ್ಟೇ ಇರೋದು. ಮತ್ತೆ ನನ್ನ ದನಿ ಮಾಡಕ್ಕೆ ಹೋಗ್ಬೇಡ, ಅದು ನನ್ನ ಹತ್ರ ಇದೆ. ನಿನ್ನದು ಹೇಗಿದೆ ಅಂತ ನನಗೂ ಗೊತ್ತಿಲ್ಲ ಕಣೇ. ಹದಿನೆಂಟು ವರ್ಷ ಬರೀ ನೋಡಿದೀನಿ. ಒಂದ್ಸಲನೂ ಕೇಳಿಲ್ಲ.”

ಪಿತ್ಸೂತಿ ಬಂದಾಗ ನೆರೀನಾ ಮೈಕಿನ ಮುಂದೆಯೇ ನಿಂತಿದ್ದಳು. ಅವನು ಇರ್ಮಾಳ ಕಡೆ ನೋಡಿದ. “ಇನ್ನೂ ತೋಪು ಹಾರಿಲ್ಲ, ಕೂತ್ಕೋ,” ಎಂದಳು ಇರ್ಮಾ. ಎದ್ದು ತನ್ನ ಕುರ್ಚಿಯನ್ನು ನೆಲದ ಮೇಲೆ ಕೀರ್ ಎಂದು ಎಳೆದು ತಿರುಗಿಸಿ, ಪರದೆಗೆ ಬೆನ್ನು ಹಾಕಿ, ನೆರೀನಾಳ ಎದುರಿಗೆ ಕೂತಳು. ಕಣ್ಣು ಮುಚ್ಚಿಕೊಂಡಳು. ದೀಪ ಆರಿತು. ಮುಖ ಬಂತು. ಆ ಕೆಂಪು ಕೂದಲಿನ, ಕಣ್ಣು ಮುಚ್ಚಿದ ಮುದುಕಿಯ ತಲೆಯ ಮೇಲಿಂದ ನೆರೀನಾ ತನ್ನ ಮುಖವನ್ನು ನೋಡಿದಳು. ಅದು ಪೋಸ್ಟಾಫೀಸಿನವಳ ಮುಖವೇ. ಅಡ್ಡ ಬರುವ ಮುಖವೇ. ಆದರೆ ಹದಿನೆಂಟು ವರ್ಷ ಒಬ್ಬರು ಕಣ್ಣು ಕೀಳದೆ ನೋಡಿದ ಮುಖ. ಇಪ್ಪತ್ತಾರು ಎಂದಿತು ಅದು. ಅವಳು ಬಾಯಿ ತೆರೆದಳು. ಒರಟಾದ, ಅಡಿಯಲ್ಲಿ ಮರಳು ಕೂತಂಥ, ಬೆಟ್ಟದೂರಿನ ಹೆಂಗಸರ ದನಿಯೊಂದು ಬಂತು. ಅದರಲ್ಲಿ ಅವ್ವನದೂ ಸ್ವಲ್ಪ ಇತ್ತು. ಹೌದು, ನನ್ನ ಮಗನೇ, ಎಂದಿತು. ಅಂಗಿ, ಇಸ್ತ್ರಿ ಎಂದಿತು. ಬಟ್ಟೆ ಸರಿಯಿತು. ಕೋಣೆಯಲ್ಲಿ ಯಾರೂ ಉಸಿರು ಬಿಡಲಿಲ್ಲ. ಚಳಿ ಆಗ್ತಿರಬೇಕು ಅವನಿಗೆ.

ಉಂಗುರ ಮುಂದಕ್ಕೆ ಹೋಯಿತು. ಪಿತ್ಸೂತಿ ಸಿಗರೇಟು ಹಚ್ಚಲು ಕಡ್ಡಿ ಗೀರಿ, ಹಚ್ಚದೆ ಹಾಗೇ ಹಿಡಿದುಕೊಂಡ. ಕಡ್ಡಿ ಬೆರಳಿಗೆ ಬಂದಾಗ ಊದಿದ. “ಆಯ್ತು,” ಎಂದ. “ಮುಗೀತು. ಗಾಸ್ತೋನೆ, ದೀಪ.” ಇರ್ಮಾ ಇನ್ನೂ ಕಣ್ಣು ತೆರೆದಿರಲಿಲ್ಲ. ಅವಳ ಎರಡೂ ಕೆನ್ನೆ ಒದ್ದೆಯಾಗಿದ್ದವು, ಒರೆಸಿಕೊಳ್ಳಲು ಅವಳಿಗೆ ತೋಚಿದ ಹಾಗಿರಲಿಲ್ಲ. “ಅಯ್ಯೋ ನನ್ನ ತಾಯೀ,” ಎಂದಳು ಕೊನೆಗೆ, “ಇಷ್ಟು ದಪ್ಪ ದನಿಯಾ? ಹದಿನೆಂಟು ವರ್ಷ ಎಷ್ಟು ತೆಳ್ಳಗೆ ಮಾತಾಡಿಸ್ಬಿಟ್ಟೆ ನಿನ್ನ! ಒಂದು ಚಿತ್ರದಲ್ಲೂ ಸರಿಯಾಗಿ ಹಿಡೀಲಿಲ್ಲ. ತಪ್ಪಾಯ್ತು ಕಣೇ.”

ನೆರೀನಾ ಮೈಕು ಬಿಟ್ಟು ಬಂದು ಅವಳ ಮುಂದೆ ನೆಲದ ಮೇಲೆ ಕೂತಳು. ಊದಿದ ಆ ಪಾದಗಳನ್ನು ತನ್ನ ಉಣ್ಣೆಯ ಶಾಲಿನಿಂದ ಸುತ್ತಿದಳು. ಬೆಳಿಗ್ಗೆಯಿಂದ ಉಳಿಸಿಕೊಂಡು ಬಂದಿದ್ದ ದನಿಯಲ್ಲಿ, ಇರ್ಮಾಳಿಗೆ ತನ್ನ ಮೊದಲ ಮಾತನ್ನು, ಯಾರೂ ಬರೆದುಕೊಡದ ಮಾತನ್ನು, ಹೇಳಿದಳು:

“ಇನ್ನೂ ಮೂವತ್ತು ಸಲ ಹೇಳ್ಬೇಕು ನೀವು.”